ದೇಣಿಗೆ ಪೆಟ್ಟಿಗೆಗೆ ಎಷ್ಟು ಹಾಕಬೇಕು? ಕಾಮಿನೊ ಹಾದಿಯ ದೊನಾತೀವೊ ತಂಗುದಾಣಗಳ ಬಗ್ಗೆ

ಬಸವನಗುಡಿ ಕಾಲ್ನಡಿಗೆ | ಜೂನ್ 3, ರಾತ್ರಿ 10:20

ಸೆಪ್ಟೆಂಬರ್ ಮೊದಲ ವಾರ ಕಾಮಿನೊ ಫ್ರಾನ್ಸೇಸ್ ಎಂಬ ಹಳೆಯ ಕ್ರೈಸ್ತ ಯಾತ್ರೆಯ ಹಾದಿ ನಡೆಯಲು ಹೊರಡುತ್ತಿದ್ದೇನೆ. ಫ್ರಾನ್ಸಿನ ಗಡಿಯೂರು ಸಾಂ-ಜಾಂ-ಪ್ಯೇ-ದ-ಪೋರ್‌ನಿಂದ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾವರೆಗೆ, ಹೆಚ್ಚುಕಡಿಮೆ 780 ಕಿಲೋಮೀಟರ್. ವಯಸ್ಸು 52, ಮೊಣಕಾಲು ಇನ್ನೂ ನನ್ನ ಮಾತು ಕೇಳುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಬ್ಯೂಗಲ್ ರಾಕ್‌ನಿಂದ ಲಾಲ್‌ಬಾಗ್, ಅಲ್ಲಿಂದ ಜಯನಗರ ಸುತ್ತಿಕೊಂಡು ಮನೆಗೆ ಬರುತ್ತೇನೆ. ಅಭ್ಯಾಸಕ್ಕೆಂದು ಬೆನ್ನ ಚೀಲದಲ್ಲಿ ಆರು ಕಿಲೋ ಅಕ್ಕಿ. ಎದುರು ಕಟ್ಟಡದ ಕಾವಲುಗಾರ ದಿನವೂ ‘ಇವತ್ತೂ ರೇಷನ್ ಬಂತೇ ಮೇಡಂ’ ಎನ್ನುತ್ತಾನೆ.

ನನ್ನ ತಲೆ ತಿನ್ನುತ್ತಿರುವುದು ನಡಿಗೆಯಲ್ಲ, ದೊನಾತೀವೊ ಎಂಬ ವ್ಯವಸ್ಥೆ. ದಾರಿಯ ಕೆಲವು ಆಲ್ಬೆರ್ಗೆಗಳಲ್ಲಿ, ಅಂದರೆ ಯಾತ್ರಿಕರ ತಂಗುದಾಣಗಳಲ್ಲಿ, ಇಂತಿಷ್ಟು ಎಂಬ ದರವೇ ಇಲ್ಲವಂತೆ. ಮಲಗಿ, ಉಂಡು, ಬೆಳಗ್ಗೆ ಪೆಟ್ಟಿಗೆಗೆ ಮನಸ್ಸಿಗೆ ಬಂದಷ್ಟು ಹಾಕಿ ಹೊರಡುವುದು. ‘ನಿಮ್ಮ ಇಷ್ಟ’ ಎನ್ನುವವರ ಜೊತೆ ವ್ಯವಹರಿಸಿ ನನಗೆ ಅಭ್ಯಾಸವಿಲ್ಲ. ನಮ್ಮ ಮನೆಗೆ ಬರುವ ಪುರೋಹಿತರು ಹಾಗೆನ್ನುತ್ತಾರೆ, ನಿಜ. ಆದರೆ ಕೊಟ್ಟ ಮೇಲೆ ಅವರ ಮುಖ ನೋಡಿ ಇನ್ನೂರು ಸೇರಿಸುವುದು ವಾಡಿಕೆ. ಪೆಟ್ಟಿಗೆಗೆ ಮುಖವೂ ಇಲ್ಲವಲ್ಲ! ಯೂರೊ ಅಂದಾಜು ನೂರು ರೂಪಾಯಿ ಎಂದು ಲೆಕ್ಕ ಹಿಡಿದರೆ ನನ್ನ ಕೈ ತಾನಾಗಿಯೇ ಬಿಗಿಯಾಗುತ್ತದೆ. ಹೋಗಿಬಂದವರು ನಿಜ ಹೇಳಿ, ಎಷ್ಟು ಹಾಕಿದಿರಿ?

ಒಂದೇ ಚೀಲ | ಜೂನ್ 3, ರಾತ್ರಿ 11:05

ಎರಡು ಸಲ ನಡೆದಿದ್ದೇನೆ. ನೇರವಾಗಿ ಹೇಳುತ್ತೇನೆ: ಹಾಸಿಗೆ, ರಾತ್ರಿಯೂಟ, ಬೆಳಗಿನ ಕಾಫಿ-ಬ್ರೆಡ್ಡು ಮೂರೂ ಸಿಕ್ಕ ಕಡೆ 25 ಯೂರೊ. ಬರೀ ಹಾಸಿಗೆಯಾದರೆ 12. ಪಂಚಾಯಿತಿ ಅಥವಾ ಸರ್ಕಾರ ನಡೆಸುವ ಆಲ್ಬೆರ್ಗೆಯಲ್ಲಿ 8ರಿಂದ 12 ಯೂರೊ ತೆಗೆದುಕೊಳ್ಳುತ್ತಾರೆ, ಖಾಸಗಿಯಲ್ಲಿ 15ರಿಂದ 20. ಹೊರಗೆ ಯಾತ್ರಿಕರ ಊಟಕ್ಕೆ 12ರಿಂದ 15. ಇದಕ್ಕಿಂತ ಕಡಿಮೆ ಹಾಕಿದರೆ ಯಾರೂ ಕೇಳುವುದಿಲ್ಲ. ಹಲವು ಕಡೆ ಗೋಡೆಯ ಮೇಲೆ ‘ದೊನಾತೀವೊ ಎಂದರೆ ಪುಕ್ಕಟೆ ಎಂದರ್ಥವಲ್ಲ’ ಎಂದು ಬರೆದಿರುತ್ತಾರೆ, ಅಷ್ಟೇ.

ಉಳಿದ ನಿಯಮ ಎಲ್ಲ ಕಡೆಯಂತೆ. ಕ್ರೆದೆನ್ಸಿಯಾಲ್ ಎಂಬ ಯಾತ್ರಿಕರ ಪುಸ್ತಿಕೆ ಇದ್ದವರಿಗೆ ಮಾತ್ರ ಜಾಗ, ಅದರಲ್ಲಿ ಮುದ್ರೆ ಒತ್ತುತ್ತಾರೆ. ಒಂದೇ ರಾತ್ರಿ. ಹತ್ತಕ್ಕೆ ದೀಪ ಆರಿಸುತ್ತಾರೆ, ಬೆಳಗ್ಗೆ ಎಂಟರೊಳಗೆ ಜಾಗ ಖಾಲಿ ಮಾಡಬೇಕು. ದೊನಾತೀವೊಗಳಲ್ಲಿ ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಮೊದಲು. ಚೀಲವನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ಕಳಿಸಿ ಕೈಬೀಸಿ ನಡೆಯುವವರನ್ನು ಬಹಳಷ್ಟು ದೊನಾತೀವೊಗಳು ಸೇರಿಸುವುದಿಲ್ಲ. ಮತ್ತೆ, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಮುಂಜಾನೆ ಆರಕ್ಕೆ 50ರ ಒಂದೇ ನೋಟು ಹಿಡಿದು ಪೆಟ್ಟಿಗೆಯ ಮುಂದೆ ನಿಂತವನ ಸಂಕಟ ನನಗೆ ಗೊತ್ತು.

ಲೆಕ್ಕದ ಮೇಷ್ಟ್ರು | ಜೂನ್ 4, ಬೆಳಗ್ಗೆ 6:12

25 ಎಂಬುದು ಎಲ್ಲಿಂದ ಬಂತು? ಸ್ಪೇನಿನವನ 25 ಯೂರೊಗೂ ಬೆಂಗಳೂರಿನ ಪಿಂಚಣಿದಾರನ 25 ಯೂರೊಗೂ ತೂಕ ಒಂದೇ ಅಲ್ಲ. ನನ್ನ ಸೂತ್ರ: ಮನೆಯಲ್ಲಿ ಒಂದು ದಿನಕ್ಕೆ ನಿಮ್ಮ ಖರ್ಚು ಎಷ್ಟೋ ಅಷ್ಟನ್ನು ಹಾಕಿ. ನೀವು ಅಲ್ಲಿ ಇಲ್ಲದ ದಿನ ಅಷ್ಟು ಉಳಿದಿರುತ್ತದೆ, ತಾಳೆಯಾಗುತ್ತದೆ.

ನಮ್ಮ ತಂದೆ ಪರೀಕ್ಷೆಗೆಂದು ಊರಿನಿಂದ ಬಂದಾಗ ಮೆಜೆಸ್ಟಿಕ್ ರೈಲು ನಿಲ್ದಾಣದ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ಇಳಿದುಕೊಂಡಿದ್ದರು. ನೂರು ವರ್ಷ ದಾಟಿದ ಛತ್ರ ಅದು. ‘ಎಷ್ಟು ಕೊಟ್ಟಿರಿ’ ಎಂದು ಒಮ್ಮೆ ಕೇಳಿದ್ದಕ್ಕೆ ಅವರು ‘ಪಾಸಾದೆ’ ಎಂದಿದ್ದರು. ಆ ಉತ್ತರ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಭೀಮನಕೊಳ್ಳ | ಜೂನ್ 4, ಬೆಳಗ್ಗೆ 9:40

ನಾನು ವಿಜಯಪುರದ ಕಡೆಯವನು, ಈಗ ವಿಜಯನಗರದ ವಾಸಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಮೂರು ಸಲ ನಡೆದಿದ್ದೇನೆ. ಊರೂರಿಗೂ ದಾಸೋಹ, ಪೆಟ್ಟಿಗೆ ಎಲ್ಲಿಯೂ ಕಾಣಲಿಲ್ಲ. ನಲ್ಲಮಲ ಕಾಡು ಹೊಕ್ಕ ಮೇಲೂ ಟ್ರಾಕ್ಟರಿನಲ್ಲಿ ನೀರು, ಕಲ್ಲಂಗಡಿ, ಅನ್ನ-ಸಾರು ತಂದು ಕಾಯುವವರು ಇರುತ್ತಾರೆ. ಜೊತೆಗೆ ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ. ಅವರನ್ನು ನೋಡಿದರೆ ನಮ್ಮ ಬೊಬ್ಬೆಯ ಸುದ್ದಿ ಎತ್ತಲು ನಾಚಿಕೆ. ಒಂದೂರಲ್ಲಿ ಒಬ್ಬ ಮುದುಕಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ನನ್ನ ಪಾದಕ್ಕೆ ಎಣ್ಣೆ ತಿಕ್ಕಿದಳು. ಐವತ್ತು ರೂಪಾಯಿ ಕೊಡಲು ಹೋದೆ. ‘ಮಲ್ಲಯ್ಯನಿಗೆ ಹಾಕು, ನನಗೇಕೆ’ ಎಂದು ಬೈದಳು.

ಯಾತ್ರಿಕನ ಮುಂದೆ ಪೆಟ್ಟಿಗೆ ಇಟ್ಟ ಮೇಲೆ ಅದು ದಾಸೋಹ ಹೇಗಾಗುತ್ತದೆ? ದರಪಟ್ಟಿ ಇಲ್ಲದ ಲಾಡ್ಜು ಎನ್ನಿ.

ಚಾರ್ಮಾಡಿ ತಿರುವು | ಜೂನ್ 4, ಮಧ್ಯಾಹ್ನ 1:15

ಭೀಮನಕೊಳ್ಳದವರ ಮಾತಿಗೆ ನನ್ನದೂ ಒಂದು ಸೇರಿಸಿ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುವವರು ನಾವು. ನೆಲಮಂಗಲ ದಾಟಿದಾಗಿನಿಂದ ಶಾಮಿಯಾನ, ಮಜ್ಜಿಗೆ, ಕೋಸಂಬರಿ. ರಾತ್ರಿ ಶಾಲೆಯ ಜಗುಲಿ. ಯಾರೂ ಲೆಕ್ಕ ಕೇಳುವುದಿಲ್ಲ. ಇದನ್ನೇ ವಿದೇಶದಲ್ಲಿ ಮಾಡಿದರೆ ಅದಕ್ಕೊಂದು ಸ್ಪ್ಯಾನಿಷ್ ಹೆಸರು, ವಿಮಾನಕ್ಕೆ ಮುಕ್ಕಾಲು ಲಕ್ಷ, ಆಮೇಲೆ ಪೆಟ್ಟಿಗೆಗೆ ಹತ್ತೋ ಇಪ್ಪತ್ತೋ ಎಂಬ ಧರ್ಮಸಂಕಟ! ವಿಮಾನದ ಟಿಕೆಟ್ ಕೊಳ್ಳುವಾಗ ಬಾರದ ಸಂಕಟ ಇಲ್ಲಿ ಏಕೆ?

ಸಿಟ್ಟಿಗೆ ಕಾರಣವಿದೆ. ಹೋದ ವರ್ಷ ನಾನೂ ಕಾಮಿನೊ ನಡೆದೆ, ಸುಳ್ಳೇಕೆ ಹೇಳಲಿ. ಒಂದು ಚರ್ಚಿನ ತಂಗುದಾಣದಲ್ಲಿ, ಊರಿನ ಹೆಸರು ಬೇಡ, ನನ್ನ ಪಕ್ಕದ ಚಾಪೆಯವರು ಗಂಡ-ಹೆಂಡತಿ. ಕೈಗೆ ಕಟ್ಟಿದ ಗಡಿಯಾರದ ಬೆಲೆಯಲ್ಲಿ ನನ್ನ ಸ್ಕೂಟರ್ ಬರುತ್ತದೆ. ಎರಡೆರಡು ಸಲ ಬಡಿಸಿಕೊಂಡು ಉಂಡರು. ಬೆಳಗ್ಗೆ ಇಬ್ಬರಿಂದ ಸೇರಿ ಎರಡು ಯೂರೊ. ಟಣ್ ಎಂದು ಸದ್ದು ಬಂತು, ಕೇಳಿಸಿಕೊಂಡೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರು ನಮ್ಮಲ್ಲಿ ಮಾತ್ರ ಇದ್ದಾರೆ ಎಂದುಕೊಂಡಿದ್ದೆ.

ಬಸವನಗುಡಿ ಕಾಲ್ನಡಿಗೆ | ಜೂನ್ 4, ಮಧ್ಯಾಹ್ನ 1:50

ಸದ್ದು! ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನೋಟಾದರೆ ಸದ್ದಿಲ್ಲ. ಹಾಗಾದರೆ ಐದರ ಒಂದು ನೋಟು ಹಾಕಿದವನೇ ಜಾಣ.

ಮೆಸೆತಾ ಬಿಸಿಲು | ಜೂನ್ 4, ರಾತ್ರಿ 9:30

ಪೆಟ್ಟಿಗೆಯ ಆಚೆ ಬದಿಯಲ್ಲಿ ಕೂತವನು ನಾನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಈಗ ರಾಜಾಜಿನಗರದಲ್ಲಿದ್ದೇನೆ. ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಹದಿನೈದು ದಿನ ಓಸ್ಪಿತಾಲೆರೊ ಆಗಿದ್ದೆ. ಅಂದರೆ ಯಾತ್ರಿಕರ ಮನೆ ನೋಡಿಕೊಳ್ಳುವ ಸ್ವಯಂಸೇವಕ. ಮೊದಲು ತಾನು ಕಾಮಿನೊ ನಡೆದಿರಬೇಕು, ಆಮೇಲೆ ಒಂದು ಚಿಕ್ಕ ತರಬೇತಿ, ಆಮೇಲೆ ಯಾವುದೋ ಒಂದೂರು ಪಾಲಿಗೆ ಬರುತ್ತದೆ. ಸಂಬಳವಿಲ್ಲ, ಹೋಗಿಬರುವ ಖರ್ಚೂ ನಮ್ಮದೇ. ನನಗೆ ಬಂದದ್ದು ಮೆಸೆತಾದ ಒಂದು ಹಳ್ಳಿ. ಬುರ್ಗೋಸ್ ದಾಟಿದ ಮೇಲೆ ಲಿಯೋನ್ ಕಡೆಗೆ ಹಬ್ಬಿದ ಗೋಧಿ ಬಯಲು ಅದು. ನವಲಗುಂದದ ಎರೆಹೊಲ ಕಂಡವರಿಗೆ ಆ ದಿಗಂತ ಹೊಸದೆನಿಸದು, ಮಣ್ಣಿನ ಬಣ್ಣ ಮಾತ್ರ ಬೇರೆ.

ದಿನಚರಿ ಕೇಳಿ. ಎಂಟಕ್ಕೆ ಕೊನೆಯವರನ್ನು ಕಳಿಸಿ ಬಾಗಿಲು ಎಳೆದರೆ ಮೊದಲ ಕೆಲಸ ಶೌಚಾಲಯ. ಆಮೇಲೆ ಹಾಸಿಗೆಗಳನ್ನು ಮಗುಚಿ ಹೊಲಿಗೆ ಹೊಲಿಗೆಯಲ್ಲೂ ತಿಗಣೆ ಹುಡುಕುವುದು. ಒಂದು ಸಿಕ್ಕಿದರೂ ಆ ಕೋಣೆ ಮುಚ್ಚಿ ಔಷಧಿ ಹೊಡೆಸಬೇಕು, ಅದಕ್ಕೆ ಆಗುವ ಖರ್ಚು ಒಂದು ವಾರದ ಊಟದ ಖರ್ಚಿಗೆ ಸಮ. ನೆಲ ಒರೆಸಿ ಸೊಂಟ ನೆಟ್ಟಗೆ ಮಾಡುವಾಗ ಹತ್ತೂವರೆ. ಆಗ ಪೆಟ್ಟಿಗೆ ತೆರೆಯುತ್ತಿದ್ದೆವು. ನನ್ನ ಜೊತೆ ಇದ್ದಾಕೆ ಇಟಲಿಯ ನಿವೃತ್ತ ದಾದಿ, ನಾಣ್ಯ ಜೋಡಿಸುವುದರಲ್ಲಿ ಭಾರೀ ಶಿಸ್ತು. ಸಿಕ್ಕ ದುಡ್ಡಿನಿಂದ ಅನಿಲ, ಬಿಸಿನೀರು, ಶೌಚಾಲಯದ ಕಾಗದದ ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ಸಂಜೆಗೆ ಸಾಮಾನು. ಪೆಟ್ಟಿಗೆ ತುಂಬಿದ್ದ ದಿನ ಹಣ್ಣು, ಮೊಸರು, ಎರಡು ಬಗೆಯ ಚೀಸು. ಇಲ್ಲದ ದಿನ ಬೇಳೆ, ಈರುಳ್ಳಿ, ಹೆಚ್ಚು ನೀರು.

ಇಲ್ಲಿ ನೀವೆಲ್ಲ ಲೆಕ್ಕವನ್ನು ತಲೆಕೆಳಗೆ ಹಿಡಿದಿದ್ದೀರಿ. ನೀವು ಉಂಡ ಊಟದ ದುಡ್ಡು ನಿನ್ನೆ ಮಲಗಿದ್ದವರು ಕೊಟ್ಟು ಹೋದದ್ದು. ಅವರು ಆಗಲೇ ಇಪ್ಪತ್ತು ಕಿಲೋಮೀಟರ್ ಮುಂದಿದ್ದಾರೆ, ನಿಮ್ಮ ಮುಖವನ್ನೂ ನೋಡುವುದಿಲ್ಲ. ಬೆಳಗ್ಗೆ ನೀವು ಹಾಕುವುದು ಈಗಿನ್ನೂ ಹಿಂದಿನ ಊರಲ್ಲಿ ಬೂಟು ಕಟ್ಟಿಕೊಳ್ಳುತ್ತಿರುವವರ ಬೇಳೆಗೆ. ಭೀಮನಕೊಳ್ಳದವರು ಹೇಳಿದ ದಾಸೋಹದಲ್ಲಿ ಕೊಡುವುದು ಊರು, ಉಣ್ಣುವುದು ಯಾತ್ರಿಕ. ಇಲ್ಲಿಯ ಹಳ್ಳಿಗಳಲ್ಲಿ ಅಷ್ಟು ಜನ ಎಲ್ಲಿದ್ದಾರೆ? ನಾನಿದ್ದ ಊರಿನಲ್ಲಿ ಸಂಜೆ ಬೆಂಚಿನ ಮೇಲೆ ಕೂರುವ ಆರೇಳು ಮುದುಕರೇ ಊರು. ಹಾಗಾಗಿ ಕೊಡುವವನೂ ಯಾತ್ರಿಕನೇ ಆಗಬೇಕಾಗಿದೆ.

ಒಂದು ಬೆಳಗ್ಗೆ ಎಣಿಸುವಾಗ ದಾದಿ ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದು ‘ಇದು ಯಾವ ದೇಶದ್ದು’ ಎಂದು ನನ್ನನ್ನೇ ಕೇಳಿದಳು. ನಮ್ಮ ಹತ್ತು ರೂಪಾಯಿ! ಹೊರಗೆ ಹಳದಿ ಬಳೆ, ನಡುವೆ ಬಿಳಿ, ಒಂದು ಯೂರೊ ನಾಣ್ಯದ ಅಣ್ಣನ ಹಾಗೆ. ಹಿಂದಿನ ರಾತ್ರಿ ಅಲ್ಲಿ ಭಾರತದ ಹುಡುಗನೊಬ್ಬ ಮಲಗಿದ್ದ, ಕೇಳದೆಯೇ ಎಲ್ಲರ ಪಾತ್ರೆ ತೊಳೆದಿದ್ದ. ಕತ್ತಲಲ್ಲಿ ಕೈತಪ್ಪಿ ಹಾಕಿದನೋ, ಬೇಕೆಂದೇ ಹಾಕಿದನೋ, ಪಕ್ಕದಲ್ಲೇ ಮಡಚಿ ಬಿದ್ದಿದ್ದ ಇಪ್ಪತ್ತರ ನೋಟು ಅವನದೋ ಬೇರೆಯವರದೋ. ಪೆಟ್ಟಿಗೆ ಹೇಳುವುದಿಲ್ಲ. ಒಂದು ಯೂರೊ ಹಾಕಿ ಆ ನಾಣ್ಯವನ್ನು ನಾನು ತೆಗೆದುಕೊಂಡೆ.

ಚಾರ್ಮಾಡಿ ತಿರುವು | ಜೂನ್ 4, ರಾತ್ರಿ 10:02

ನೋಡಿದಿರಾ, ಹತ್ತು ರೂಪಾಯಿ ಹಾಕಿದವನು ನಮ್ಮವನೇ!

ಮೆಸೆತಾ ಬಿಸಿಲು | ಜೂನ್ 4, ರಾತ್ರಿ 10:10

ಆ ಗಡಿಯಾರದ ದಂಪತಿಯೂ ಸದ್ದಿಲ್ಲದ ನೋಟನ್ನು ಆಮೇಲೆ ಹಾಕಿರಬಹುದು. ನೀವು ಅಷ್ಟು ಹೊತ್ತಿಗೆ ಬೂಟು ಹುಡುಕುತ್ತಿದ್ದಿರಿ.

ಲೆಕ್ಕದ ಮೇಷ್ಟ್ರು | ಜೂನ್ 5, ಬೆಳಗ್ಗೆ 5:58

ಇದು ಮುಯ್ಯಿಯ ವಿರುದ್ಧ ತುದಿ. ನಮ್ಮ ಮದುವೆ ಮನೆಯಲ್ಲಿ ಬಾಗಿಲಲ್ಲೇ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ: ಇಂಥವರು, ಇಂಥ ಊರು, ನೂರಾ ಒಂದು. ಅವರ ಮನೆ ಮದುವೆಗೆ ಹೋಗುವಾಗ ಪುಸ್ತಕ ತೆರೆದು ನೋಡಿ ನೂರಾ ಐವತ್ತೊಂದು. ಅಲ್ಲಿ ಪುಸ್ತಕವೇ ಇಲ್ಲ, ಆದರೂ ಮನೆ ನಡೆಯುತ್ತಿದೆ. ನನ್ನ ಸೂತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಅದರ ಬಗ್ಗೆ ಮೊದಲಿನ ಉತ್ಸಾಹ ಉಳಿದಿಲ್ಲ.

ಭೀಮನಕೊಳ್ಳ | ಜೂನ್ 5, ಬೆಳಗ್ಗೆ 10:25

ಬೇಳೆಯ ಲೆಕ್ಕ ಒಪ್ಪಿದೆ. ‘ಲಾಡ್ಜು’ ಎಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಎಣ್ಣೆ ತಿಕ್ಕುವವರು ಅಲ್ಲಿ ಇಲ್ಲವಲ್ಲ, ಅದೊಂದು ಕೊರತೆ.

ಒಂದೇ ಚೀಲ | ಜೂನ್ 5, ಬೆಳಗ್ಗೆ 10:40

ಇದ್ದಾರೆ. ಪಿಸುಯೆರ್ಗಾ ನದಿಯ ಸೇತುವೆಗೆ ಮುಂಚೆ ಸಾನ್ ನಿಕೊಲಾಸ್ ಎಂಬ ಹಳೆಯ ಕಲ್ಲಿನ ಗುಡಿ. ಇಟಲಿಯ ಯಾತ್ರಿಕ ಸಂಘದವರು ನಡೆಸುತ್ತಾರೆ. ಊಟಕ್ಕೆ ಮುಂಚೆ ಬಂದವರನ್ನು ಅರ್ಧವೃತ್ತದಲ್ಲಿ ಕೂರಿಸಿ ಒಬ್ಬೊಬ್ಬರ ಪಾದ ತೊಳೆದು ಒರೆಸುತ್ತಾರೆ. ಮೇಣದ ಬತ್ತಿಯ ಬೆಳಕಿನಲ್ಲಿ ಊಟ. ನಮ್ಮಲ್ಲಿ ಪಾದಪೂಜೆ ಮಾಡಿಸಿಕೊಳ್ಳುವುದು ಗುರುಗಳಿಗೆ ಸಲ್ಲುವ ಮರ್ಯಾದೆ. ಆರು ದಿನದ ಕಾಲುಚೀಲದ ವಾಸನೆ ಹೊತ್ತ ನನ್ನ ಪಾದವನ್ನು ಅಪರಿಚಿತನೊಬ್ಬ ಹಿಡಿದಾಗ ಎಲ್ಲಿ ನೋಡುವುದೆಂದು ತಿಳಿಯದೆ ಚಾವಣಿ ನೋಡಿದೆ.

ಅದಕ್ಕೆ ಒಂದು ದಿನ ಮುಂಚೆ, ಕಾಸ್ತ್ರೊಖೆರಿಸ್ ಬರುವುದಕ್ಕೆ ಸ್ವಲ್ಪ ಹಿಂದೆ, ಸಾನ್ ಆಂತೋನ್ ಸಿಗುತ್ತದೆ. ಹಾಳುಬಿದ್ದ ಮಠ, ರಸ್ತೆಯ ಮೇಲೆಯೇ ದೊಡ್ಡ ಕಮಾನು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಕೈಕಾಲು ಉರಿದು ಕೊಳೆಯುವ ರೋಗ ಮಧ್ಯಯುಗದಲ್ಲಿತ್ತು. ಸಂತ ಆಂತೋನಿಯ ಬೆಂಕಿ ಎನ್ನುತ್ತಿದ್ದರು. ಅಂಥವರ ಶುಶ್ರೂಷೆ ಮಾಡುತ್ತಿದ್ದ ಮಠ ಅದು. ಈಗ ಆ ಗೋಡೆಗಳ ನಡುವೆ ಕೆಲವೇ ಹಾಸಿಗೆ, ವಿದ್ಯುತ್ ಇಲ್ಲ, ಬಿಸಿನೀರಿಲ್ಲ. ಮೊಬೈಲಿಗೆ ಅಂಟಿಕೊಂಡವರು ಮುಂದಿನ ಊರಿಗೆ ಹೋಗಲಿ.

ಬಸವನಗುಡಿ ಕಾಲ್ನಡಿಗೆ | ಜೂನ್ 7, ಸಂಜೆ 6:30

ವೀಸಾ ಅರ್ಜಿಗೆ ಕೂತಿದ್ದೇನೆ. ಉಳಿಯುವ ಸ್ಥಳದ ಪುರಾವೆ ಕೇಳುತ್ತಾರೆ. ಕಾಯ್ದಿರಿಸಲು ಬರದ ಮನೆಗೆ ಪುರಾವೆ ಎಲ್ಲಿಂದ ತರಲಿ? ಇನ್ನೊಂದು: ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಮತ್ತೊಂದು: ಹೆಂಗಸರಿಗೆ ಬೇರೆ ಕೋಣೆ ಇರುತ್ತದೆಯೇ?

ಒಂದೇ ಚೀಲ | ಜೂನ್ 7, ರಾತ್ರಿ 8:15

ವೀಸಾಕ್ಕೆ, ರದ್ದು ಮಾಡಲು ಬರುವ ಖಾಸಗಿ ಹಾಸಿಗೆಗಳನ್ನು ಕಾಯ್ದಿರಿಸಿ, ಜೊತೆಗೆ ದಿನಕ್ಕೊಂದು ಊರಿನಂತೆ ನಡಿಗೆಯ ವೇಳಾಪಟ್ಟಿ ಇಡಿ. ನಾನು ಮಾಡಿದ್ದು ಅದನ್ನೇ. ವಿಮೆ ಕನಿಷ್ಠ 30,000 ಯೂರೊಗೆ ಇರಬೇಕು. ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು, ಐದು ವಾರದ ನಡಿಗೆಗೆ ಧಾರಾಳ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ, ಅಲ್ಲಿಂದ ರೈಲಿನಲ್ಲಿ ಬಯೋನ್, ಅಲ್ಲಿಂದ ಇನ್ನೊಂದು ಪುಟ್ಟ ರೈಲು. 2027 ಪವಿತ್ರ ವರ್ಷ, ಅಂದರೆ ಈ ಯಾತ್ರೆಯ ಸಂತನಾದ ಯಾಕೋಬನ ಹಬ್ಬದ ಜುಲೈ 25 ಭಾನುವಾರ ಬೀಳುವ ವರ್ಷ. ಆಗ ಹೋಗುವವರು ನೂಕುನುಗ್ಗಲಿಗೆ ಸಿದ್ಧರಾಗಿ ಹೋಗಿ.

ಕೋಣೆ ಬೇರೆ ಇರುವುದು ಅಪರೂಪ. ಎಲ್ಲರೂ ಒಂದೇ ಹಜಾರ. ಬಟ್ಟೆ ಬದಲಿಸುವುದು ಸ್ನಾನದ ಮನೆಯಲ್ಲಿ. ನನ್ನ ಹೆಂಡತಿಗೆ ಮೊದಲ ರಾತ್ರಿ ಕಸಿವಿಸಿಯಾಯಿತು, ಎರಡನೆಯ ರಾತ್ರಿ ಆಕೆಯ ಗೊರಕೆಯ ಬಗ್ಗೆ ಬೇರೆಯವರು ದೂರಿದರು. ಕಿವಿಗೆ ಮೇಣದ ಉಂಡೆ ಒಯ್ಯಿರಿ.

ಮೆಸೆತಾ ಬಿಸಿಲು | ಜೂನ್ 7, ರಾತ್ರಿ 9:00

ಸಸ್ಯಾಹಾರದ ವಿಷಯ. ‘ಮಾಂಸ ಬೇಡ’ ಎಂದರೆ ಅಲ್ಲಿ ಸಾಲದು. ಹಂದಿಯ ಒಣಗಿಸಿದ ತೊಡೆಯ ಚೂರನ್ನು ಅವರು ಒಗ್ಗರಣೆಯಂತೆ ಭಾವಿಸುತ್ತಾರೆ, ಟ್ಯೂನ ಮೀನನ್ನು ತರಕಾರಿಯಂತೆ. ಬಂದ ಕೂಡಲೇ ಓಸ್ಪಿತಾಲೆರೊಗೆ ‘ಖಮೋನ್ ಬೇಡ, ಚೊರೀಸೊ ಬೇಡ, ಆತೂನ್ ಬೇಡ, ಮೊಟ್ಟೆ ಬೇಡ’ ಎಂದು ಹೆಸರು ಹಿಡಿದು ಹೇಳಿ. ಖಮೋನ್ ಆ ತೊಡೆ, ಆತೂನ್ ಆ ಮೀನು, ಚೊರೀಸೊ ಹಂದಿಮಾಂಸದ ಸಾಸೇಜು. ಇನ್ನೂ ಒಳ್ಳೆಯ ಉಪಾಯ, ತರಕಾರಿ ಹೆಚ್ಚಲು ಕುಳಿತುಬಿಡಿ. ಚೊರೀಸೊ ಹಾಕುವ ಮುಂಚೆ ನಿಮ್ಮ ಪಾಲಿನ ಬೇಳೆ ತೆಗೆದಿಡಬಹುದು. ಸಾಸಿವೆ, ಅರಿಶಿನ ಒಂದಿಷ್ಟು ಪೊಟ್ಟಣ ಕಟ್ಟಿಕೊಳ್ಳಿ. ನಾನೊಮ್ಮೆ ಮೂವತ್ತು ಜನಕ್ಕೆ ಚಿತ್ರಾನ್ನ ಮಾಡಿದ್ದೆ. ಅನ್ನ ಹಳದಿಯಾದದ್ದು ಕೇಸರಿಯಿಂದ ಎಂದುಕೊಂಡ ಸ್ಪೇನಿನವನೊಬ್ಬ ಪೆಟ್ಟಿಗೆಗೆ ಧಾರಾಳವಾಗಿ ಹಾಕಿದನೆಂದು ನನ್ನ ಅನುಮಾನ.

ಚಾರ್ಮಾಡಿ ತಿರುವು | ಜೂನ್ 7, ರಾತ್ರಿ 9:20

ಪುಕ್ಕಟೆಯೇ ಬೇಕಾದವರಿಗೆ: ಎಸ್ತೆಲ್ಯಾ ದಾಟಿದ ಮೇಲೆ ಇರಾಚೆಯಲ್ಲಿ ಗೋಡೆಗೆ ಎರಡು ನಲ್ಲಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ದ್ರಾಕ್ಷಾರಸ. ಪೆಟ್ಟಿಗೆ ಇಲ್ಲ. ಬೆಳಗ್ಗೆ ಎಂಟಕ್ಕೇ ಅಲ್ಲಿ ಸಾಲು ಇತ್ತು. ನಾನು ಆ ಸಾಲಿನಲ್ಲಿ ಎಷ್ಟನೆಯವನು ಎಂದು ಕೇಳಬೇಡಿ.

ಬಸವನಗುಡಿ ಕಾಲ್ನಡಿಗೆ | ನವೆಂಬರ್ 2, ರಾತ್ರಿ 9:45

ಬಂದೆ. 37 ದಿನ ಹಿಡಿಯಿತು. ಎಡಗಾಲಿನ ಎರಡು ಉಗುರು ಅಲ್ಲೇ ಉಳಿದವು. ಪ್ರಮಾಣಪತ್ರವೂ ಸಿಕ್ಕಿತು. ಕೊನೆಯ 100 ಕಿಲೋಮೀಟರ್ ನಡೆದರೂ ಅದು ಸಿಗುತ್ತದೆ, ಆದ್ದರಿಂದ ಸಾರ್ರಿಯಾದಿಂದ ಆಚೆ ಜಾತ್ರೆ. ದೊನಾತೀವೊಗಳೂ ಅಲ್ಲಿ ವಿರಳ. ನಾನು ಬರೆಯಬೇಕಾದದ್ದು ಅದಲ್ಲ, ನೀವೆಲ್ಲ ಎಷ್ಟು ಹಾಕಬೇಕು ಎಂದು ಜಗಳವಾಡಿದ ಪೆಟ್ಟಿಗೆಯ ಕಥೆ.

ಸಾಂತೊ ದೊಮಿಂಗೊ ದೆ ಲಾ ಕಾಲ್ಸಾದಾ ಎಂಬ ಊರಿನ ದೊಡ್ಡ ಚರ್ಚಿನೊಳಗೆ ಜೀವಂತ ಹುಂಜ-ಕೋಳಿ ಸಾಕಿದ್ದಾರೆ. ಅನ್ಯಾಯವಾಗಿ ಗಲ್ಲಿಗೇರಿದ ಯಾತ್ರಿಕನ ಐತಿಹ್ಯ ಅದಕ್ಕಿದೆ. ಅದನ್ನು ನೋಡಿ ಹೊರಬಂದು ಎಟಿಎಂನಲ್ಲಿ ಕಾರ್ಡ್ ತೂರಿಸಿದೆ. ನುಂಗಿಬಿಟ್ಟಿತು. ಶನಿವಾರ ಮಧ್ಯಾಹ್ನ, ಬ್ಯಾಂಕು ತೆರೆಯುವುದು ಸೋಮವಾರ. ಇನ್ನೊಂದು ಕಾರ್ಡ್ ಇತ್ತು, ಅದಕ್ಕೆ ವಿದೇಶದ ಬಳಕೆಯ ಅನುಮತಿ ಹಾಕಿರಲಿಲ್ಲ. ಹಾಕಲು ಒಟಿಪಿ ಬೇಕು, ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇಲ್ಲ. ಬೆಂಗಳೂರಿನಲ್ಲಿ ಮಗ ಫೋನ್ ಎತ್ತಲಿಲ್ಲ, ಯಾವುದೋ ಮದುವೆಯಲ್ಲಿದ್ದ. ಪರ್ಸಿನಲ್ಲಿ 11 ಯೂರೊ.

ಆರೇಳು ಕಿಲೋಮೀಟರ್ ನಡೆದರೆ ಗ್ರಾನ್ಯೋನ್. ಚರ್ಚಿಗೆ ಅಂಟಿಕೊಂಡ ತಂಗುದಾಣ, ಕಲ್ಲಿನ ಸುರುಳಿ ಮೆಟ್ಟಿಲು, ಮರದ ನೆಲದ ಮೇಲೆ ಚಾಪೆ. ಮೆಟ್ಟಿಲು ಹತ್ತಿದ ಕಡೆ ಒಂದು ಮರದ ಪೆಟ್ಟಿಗೆ, ಮುಚ್ಚಳ ತೆರೆದೇ ಇತ್ತು. ಮೇಲೆ ಬರಹ: ‘ಆದಷ್ಟು ಹಾಕು, ಬೇಕಾದಷ್ಟು ತೆಗೆದುಕೋ.’ ಈ ಎರಡನೆಯ ಭಾಗವನ್ನು ನಿಮ್ಮಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ!

ಉದ್ದನೆಯ ಮೇಜಿಗೆ ತಟ್ಟೆ ಜೋಡಿಸಿದೆ, ಟೊಮೆಟೊ ಹೆಚ್ಚಿದೆ, ನಲವತ್ತಕ್ಕೂ ಮಿಕ್ಕಿ ಜನ ಹಾಡುತ್ತ ಪಾತ್ರೆ ಒರೆಸಿದೆವು. ಊಟವಾದ ಮೇಲೆ ಚರ್ಚಿನ ಮೇಲಂತಸ್ತಿಗೆ ಕರೆದೊಯ್ದು ಕತ್ತಲಲ್ಲಿ ಒಂದು ಮೇಣದ ಬತ್ತಿಯನ್ನು ಕೈಯಿಂದ ಕೈಗೆ ದಾಟಿಸಿದರು. ಹಿಡಿದವರು ಏನಾದರೂ ಹೇಳಬಹುದು. ನನ್ನ ಸರದಿ ಬಂದಾಗ ಕಾರ್ಡ್ ನೆನಪಾಗಿ ಬಾಯಿ ಕಟ್ಟಿತು, ಕನ್ನಡದಲ್ಲಿ ‘ನಮಸ್ಕಾರ’ ಎಂದು ಮುಂದಕ್ಕೆ ಕೊಟ್ಟೆ.

ಬುರ್ಗೋಸ್‌ಗೆ ಮೂರು ದಿನದ ದಾರಿ. ರಾತ್ರಿಯಿಡೀ ಲೆಕ್ಕ. ಓಸ್ಪಿತಾಲೆರೊಗೆ ಹೇಳಿಕೊಳ್ಳಬಹುದಿತ್ತು, ನಾಲಿಗೆ ಏಳಲಿಲ್ಲ. ಮೂವತ್ತು ವರ್ಷ ಸಂಬಳ ಎಣಿಸಿದವಳು, ಚಿನ್ನದ ಬಳೆ ಲಾಕರಿನಲ್ಲಿಟ್ಟು ಬಂದವಳು, ಬೆಳಗ್ಗೆ ಐದೂವರೆಗೆ ಕಾಲುಚೀಲದಲ್ಲಿ ಸದ್ದಿಲ್ಲದೆ ಇಳಿದು ಆ ಪೆಟ್ಟಿಗೆಯಿಂದ ಇಪ್ಪತ್ತರ ಒಂದು ನೋಟು ತೆಗೆದೆ. ಬೆನ್ನ ಹಿಂದೆ ಯಾರೋ ಬಂದ ಸದ್ದು. ಕೊರಿಯಾದ ಹುಡುಗಿ, ಬಚ್ಚಲಿಗೆ ಹೊರಟಿದ್ದಳು. ನನ್ನ ಕೈ ಪೆಟ್ಟಿಗೆಯೊಳಗೆ ಇತ್ತು. ಆಕೆ ‘ಬುಏನ್ ಕಾಮಿನೊ’, ಅಂದರೆ ಶುಭಯಾತ್ರೆ, ಎಂದು ಹೋದಳು. ನಾನು ಹಾಕುತ್ತಿದ್ದೇನೆ ಎಂದುಕೊಂಡಳು, ಅಥವಾ ಹಾಗೆಂದುಕೊಂಡಂತೆ ನಟಿಸಿದಳು.

ಮರುದಿನ ರಾತ್ರಿ ತೋಸಾಂತೋಸ್, ಅದೂ ದೊನಾತೀವೊ. ಅಲ್ಲಿ ಹಿಂದೆ ಹಾದುಹೋದ ಯಾತ್ರಿಕರು ಬರೆದಿಟ್ಟ ಚೀಟಿಗಳನ್ನು ಪ್ರಾರ್ಥನೆಯ ವೇಳೆ ಓದುತ್ತಾರೆ. ಹಾಕಲು ನನ್ನ ಹತ್ತಿರ ಇದ್ದದ್ದು ಎರಡು ಯೂರೊ ನಾಣ್ಯ. ಹಾಕಿದೆ. ಚಾರ್ಮಾಡಿಯವರೇ, ಟಣ್ ಎಂದು ಸದ್ದು ಬಂತು.

ಬುರ್ಗೋಸ್‌ನಲ್ಲಿ ಮಗ ರೋಮಿಂಗ್ ಹಾಕಿಸಿದ, ಒಟಿಪಿ ಬಂತು, ದುಡ್ಡೂ ಬಂತು. ಗ್ರಾನ್ಯೋನ್‌ಗೆ ಬಸ್ಸಿನಲ್ಲಿ ಹಿಂದಿರುಗಿ ಇಪ್ಪತ್ತು ಹಾಕಿ ಬರೋಣವೇ ಎಂದು ನಿಲ್ದಾಣದವರೆಗೂ ಹೋಗಿದ್ದೆ, ನಗಬೇಡಿ. ಟಿಕೆಟ್ ಕೊಡುವವನ ಎದುರು ನಿಂತಾಗ ಮೆಸೆತಾದವರ ಬೇಳೆ ನೆನಪಾಯಿತು. ವಾಪಸ್ ಬಂದು ನಡೆದೆ. ಬೆರ್ಸಿಯಾನೋಸ್‌ನಲ್ಲಿ ಹಾಕಿದೆ, ರಬನಾಲ್‌ನಲ್ಲಿ ಇಂಗ್ಲೆಂಡಿನವರ ಮನೆಯಲ್ಲಿ ಚಹಾ ಕುಡಿದು ಹಾಕಿದೆ, ಫೊನ್ಸೆಬಾದೋನ್‌ನಲ್ಲಿ ಹಾಕಿದೆ. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ.

ಲೆಕ್ಕದ ಮೇಷ್ಟ್ರು | ನವೆಂಬರ್ 3, ಬೆಳಗ್ಗೆ 6:01

ಬಡ್ಡಿ ಸೇರಿಸಿದಿರಾ?

ಬಸವನಗುಡಿ ಕಾಲ್ನಡಿಗೆ | ನವೆಂಬರ್ 3, ಬೆಳಗ್ಗೆ 7:30

ಚಕ್ರಬಡ್ಡಿ.

ಚಾರ್ಮಾಡಿ ತಿರುವು | ನವೆಂಬರ್ 3, ಬೆಳಗ್ಗೆ 8:45

ಟಣ್ ವಿಷಯಕ್ಕೆ ಕ್ಷಮೆ ಕೇಳುತ್ತೇನೆ. ಗಡಿಯಾರದವರ ವಿಷಯಕ್ಕೆ ಇನ್ನೂ ಕೇಳುವುದಿಲ್ಲ. ಬ್ಯಾಂಕಿನ ವಿಷಯ ಮಾತ್ರ ಎಲ್ಲರೂ ಬರೆದಿಟ್ಟುಕೊಳ್ಳಿ: ಹೊರಡುವ ಮುಂಚೆ ಎರಡೂ ಕಾರ್ಡ್‌ಗೆ ವಿದೇಶದ ಅನುಮತಿ, ಒಟಿಪಿ ಬರುವ ಸಂಖ್ಯೆಗೆ ರೋಮಿಂಗ್, ಸೊಂಟದ ಚೀಲದಲ್ಲಿ ಬೇರೆಯಾಗಿ ನೂರು ಯೂರೊ ನಗದು.

ಭೀಮನಕೊಳ್ಳ | ನವೆಂಬರ್ 3, ಬೆಳಗ್ಗೆ 11:10

ಮೇಡಂ, ಯುಗಾದಿಗೆ ಮುಂಚೆ ನಮ್ಮ ಜೊತೆ ಶ್ರೀಶೈಲಕ್ಕೆ ಬನ್ನಿ. ಕಾರ್ಡ್ ಬೇಡ, ಬಿಸಿಲಿಗೆ ಟವೆಲ್ ಸಾಕು.

ಹೊಸ ಬೂಟು | ನವೆಂಬರ್ 5, ಸಂಜೆ 5:20

ಎಲ್ಲ ಓದಿದೆ. ಏಪ್ರಿಲ್‌ನಲ್ಲಿ ನಾನೂ ಹೊರಡುತ್ತಿದ್ದೇನೆ, ಈಗಷ್ಟೇ ಕೆಲಸಕ್ಕೆ ಸೇರಿದ್ದು, ಕೈಯಲ್ಲಿ ಹೆಚ್ಚು ಇಲ್ಲ. ದೊನಾತೀವೊಗಳಲ್ಲಿ ಹೊದಿಕೆ ಕೊಡುತ್ತಾರೋ ಇಲ್ಲವೋ ಎಂಬ ಭರವಸೆಯಿಲ್ಲ ಎಂದು ಕೇಳಿದೆ. ಬೆಂಗಳೂರಿನಲ್ಲಿ ಮಲಗುವ ಚೀಲ ಬಾಡಿಗೆಗೆ ಎಲ್ಲಿ ಸಿಗುತ್ತದೆ?

ಬಸವನಗುಡಿ ಕಾಲ್ನಡಿಗೆ | ನವೆಂಬರ್ 5, ಸಂಜೆ 6:05

ನನ್ನದು ಅಟ್ಟದ ಮೇಲೆ ಕೂತಿದೆ, ಎಂಟು ನೂರು ಗ್ರಾಮ್, ನಿಮಗೆ ಸಾಕಾಗುತ್ತದೆ. ಭಾನುವಾರ ಬೆಳಗ್ಗೆ ಆರಕ್ಕೆ ಬ್ಯೂಗಲ್ ರಾಕ್ ಗೇಟಿನ ಹತ್ತಿರ ಬನ್ನಿ, ಅಕ್ಕಿಯ ಚೀಲ ಹೊತ್ತವಳು ನಾನು. ಜಿಪ್ ಮೊಣಕಾಲಿನ ಹತ್ತಿರ ಸಿಕ್ಕಿಕೊಳ್ಳುತ್ತದೆ, ಎಳೆಯಬೇಡಿ, ಮೇಣದ ಬತ್ತಿ ಉಜ್ಜಿ.